ಬಿಲ್ ಬರೆದ ದಿನ ಬೇರೆ, ದುಡ್ಡು ಬರುವ ದಿನ ಬೇರೆ

ನಾನು ಮೊದಲ ಸಲ ಮಾಡಿದ ಕ್ಯಾಶ್ ಫ್ಲೋ ಫೋರ್ಕಾಸ್ಟ್, ಅಂದರೆ ಮುಂದೆ ಯಾವಾಗ ಎಷ್ಟು ದುಡ್ಡು ಬರುತ್ತದೆ, ಎಷ್ಟು ಹೋಗುತ್ತದೆ ಅನ್ನುವ ಅಂದಾಜು, ನೋಡಲು ತುಂಬಾ ಚೆನ್ನಾಗಿತ್ತು. ಆರು ತಿಂಗಳ ಲೆಕ್ಕ, ಬಣ್ಣ ಬಣ್ಣದ ಕಾಲಂಗಳು, ಒಂದು ಕಡೆಯೂ ಮೈನಸ್ ಇಲ್ಲ. ಎರಡನೇ ತಿಂಗಳ ಕೊನೆಗೆ ಸಂಬಳ ಹಾಕಬೇಕು ಅಂತ ಬ್ಯಾಂಕ್ ಖಾತೆ ನೋಡಿದರೆ ಬೇಕಾದದ್ದರ ಅರ್ಧವೂ ಇರಲಿಲ್ಲ. ವ್ಯಾಪಾರ ಅಂದುಕೊಂಡ ಹಾಗೇ ಆಗಿತ್ತು, ಖರ್ಚೂ ಜಾಸ್ತಿ ಆಗಿರಲಿಲ್ಲ. ನಾನು ಮಾಡಿದ ತಪ್ಪು ಒಂದೇ, ಬಿಲ್ ಬರೆದ ತಾರೀಖಿಗೇ ದುಡ್ಡು ಬಂತು ಅಂತ ಬರೆದುಕೊಂಡಿದ್ದೆ.

ಆವತ್ತಿನಿಂದ ನನಗೆ ಫೋರ್ಕಾಸ್ಟ್ ಅಂದರೆ ತಾರೀಖಿನ ಲೆಕ್ಕ. ಎಷ್ಟು ಬರುತ್ತದೆ ಅನ್ನುವುದನ್ನು ಹೆಚ್ಚು ಕಡಿಮೆ ಎಲ್ಲರೂ ಸರಿಯಾಗಿ ಊಹಿಸುತ್ತಾರೆ. ಯಾವಾಗ ಬರುತ್ತದೆ ಅನ್ನುವಲ್ಲೇ ಎಲ್ಲರೂ ಎಡವುವುದು.

ಒಂದು ಸಣ್ಣ ಲೆಕ್ಕ ಹಾಕೋಣ, ಕೈಯಲ್ಲಿ ಪೆನ್ನು ಇದ್ದರೆ ನೀವೂ ಬರೆದುಕೊಳ್ಳಿ. ತಿಂಗಳಿಗೆ 100 ಮಾರಾಟ. ಸರಕಿನ ಖರ್ಚು 60, ಸಂಬಳ ಬಾಡಿಗೆ ಎಲ್ಲ ಸೇರಿ 30. ಲಾಭ 10. ಸರಕು ಕೊಟ್ಟವರಿಗೆ ಒಂದು ತಿಂಗಳಲ್ಲಿ ದುಡ್ಡು ಕೊಡಬೇಕು, ಆದರೆ ನಮ್ಮ ಗಿರಾಕಿಗಳು ಕೊಡುವುದು ಎರಡು ತಿಂಗಳಿಗೆ. ಮೊದಲ ತಿಂಗಳು 30 ಹೋಗುತ್ತದೆ, ಏನೂ ಬರುವುದಿಲ್ಲ. ಎರಡನೇ ತಿಂಗಳು ಸರಕಿನ 60, ಖರ್ಚಿನ 30, ಒಟ್ಟು 90 ಹೋಗುತ್ತದೆ, ಆಗಲೂ ಏನೂ ಬರುವುದಿಲ್ಲ. ಅಲ್ಲಿಗೆ 120 ಕೈಯಿಂದ ಹಾಕಿ ಆಯಿತು. ಮೂರನೇ ತಿಂಗಳಿಂದ 100 ಬರುತ್ತದೆ, 90 ಹೋಗುತ್ತದೆ, ತಿಂಗಳಿಗೆ 10 ಉಳಿಯುತ್ತದೆ. ಆ 120ರ ಹಳ್ಳ ತುಂಬುವಷ್ಟರಲ್ಲಿ 14ನೇ ತಿಂಗಳು ಮುಗಿದಿರುತ್ತದೆ. ಲಾಭ ನಷ್ಟದ ಪಟ್ಟಿಯಲ್ಲಿ ಮಾತ್ರ ಮೊದಲ ತಿಂಗಳಿಂದಲೇ ಲಾಭ.

ಇನ್ನೂ ತಮಾಷೆ ಅಂದರೆ, ಮೂರನೇ ತಿಂಗಳಲ್ಲಿ ಮಾರಾಟ ಡಬಲ್ ಆಯಿತು ಅಂದುಕೊಳ್ಳಿ. ಸರಕು 120, ಮೇಲಿನ ಖರ್ಚು ಅದೇ 30, ಲಾಭ 50. ಸಿಹಿ ಸುದ್ದಿ ಅಲ್ವಾ? ಆದರೆ ನಾಲ್ಕನೇ ತಿಂಗಳು ಬರುವುದು ಹಳೆಯ ಮಾರಾಟದ 100, ಕೊಡಬೇಕಾದ್ದು 150. ಮೂರನೇ ತಿಂಗಳ ಕೊನೆಗೆ 110 ಇದ್ದ ಹಳ್ಳ 160 ಆಗುತ್ತದೆ. ವ್ಯಾಪಾರ ಬೆಳೆಯುವಾಗಲೇ ದುಡ್ಡು ಜಾಸ್ತಿ ಬೇಕಾಗುತ್ತದೆ ಅನ್ನುವುದನ್ನು ನನಗೆ ಯಾರು ಹೇಳಿದರೂ ತಲೆಗೆ ಹೋಗಿರಲಿಲ್ಲ, ಹೀಗೆ ಬರೆದು ನೋಡಿದ ಮೇಲೇ ಹೋಗಿದ್ದು.

ಫೋರ್ಕಾಸ್ಟ್‌ನ ರೂಪ ತುಂಬಾ ಸರಳ. ಆರಂಭದ ಶಿಲ್ಕು, ಅಂದರೆ ವಾರದ ಶುರುವಿನಲ್ಲಿ ಕೈಯಲ್ಲಿರುವ ದುಡ್ಡು, ಅದಕ್ಕೆ ಬರುವುದನ್ನು ಕೂಡಿಸಿ, ಹೋಗುವುದನ್ನು ಕಳೆಯಿರಿ, ಕೊನೆಗೆ ಉಳಿದದ್ದು ಅಖೈರು ಶಿಲ್ಕು. ಈ ವಾರದ ಅಖೈರು ಶಿಲ್ಕೇ ಮುಂದಿನ ವಾರದ ಆರಂಭದ ಶಿಲ್ಕು. ಅಷ್ಟೇ. ದೊಡ್ಡ ಕಂಪನಿಗಳಲ್ಲಿ ಲಾಭದಿಂದ ಶುರು ಮಾಡಿ, ಸವಕಳಿಯನ್ನು (ಯಂತ್ರ, ವಾಹನ ಹಳೆಯದಾಗುವುದಕ್ಕೆ ಪುಸ್ತಕದಲ್ಲಿ ಬರೆಯುವ ಖರ್ಚು) ವಾಪಸ್ ಕೂಡಿಸಿ, ಬಾಕಿ ಮತ್ತು ಸ್ಟಾಕಿನ ಏರಿಳಿತ ಸರಿ ಮಾಡಿಕೊಂಡು ಬರುವ ಇನ್ನೊಂದು ದಾರಿಯೂ ಇದೆ. ವರ್ಷಗಟ್ಟಲೆ ಮುಂದಿನದನ್ನು ನೋಡಲು ಅದು ಸರಿ. ಮುಂದಿನ ಶುಕ್ರವಾರ ಚೆಕ್ ಪಾಸ್ ಆಗುತ್ತದಾ ಅಂತ ತಿಳಿಯಲು ಅದು ಉಪಯೋಗಕ್ಕೆ ಬರುವುದಿಲ್ಲ.

ನಾನು ಮಾಡುವುದು 13 ವಾರಗಳದ್ದು. ಅಂದರೆ ಒಂದು ತ್ರೈಮಾಸಿಕ. ಹಣದ ಕಷ್ಟದಲ್ಲಿರುವ ಕಂಪನಿಗಳನ್ನು ಸರಿಪಡಿಸಲು ಬರುವವರು ಮೊದಲು ಕೇಳುವುದೂ ಇದನ್ನೇ. ತಿಂಗಳ ಲೆಕ್ಕ ಸುಳ್ಳು ಹೇಳುತ್ತದೆ, ಬೇಕೆಂದೇ ಅಲ್ಲ, ಸುಮ್ನೆ ಮುಚ್ಚಿಡುತ್ತದೆ. ಸಂಬಳ ಬಾಡಿಗೆ ಒಂದನೇ ತಾರೀಖು ಹೋಗಿ, ಗಿರಾಕಿಯ ದುಡ್ಡು 25ಕ್ಕೆ ಬಂದರೆ ತಿಂಗಳ ಕೊನೆಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ನಡುವಿನ ಮೂರು ವಾರ ನೀವು ಯಾರ ಫೋನನ್ನೂ ಎತ್ತದೆ ಓಡಾಡಿದ್ದು ಮಾತ್ರ ಅದರಲ್ಲಿ ಕಾಣುವುದಿಲ್ಲ.

ಬರುವ ದುಡ್ಡಿನ ಭಾಗಕ್ಕೇ ಅರ್ಧಕ್ಕಿಂತ ಜಾಸ್ತಿ ಸಮಯ ಕೊಡಿ. ಬಿಲ್ಲಿನಲ್ಲಿ 30 ದಿನ ಅಂತ ಬರೆದಿದ್ದೀವಿ ಅಂತ 30 ದಿನ ಹಾಕಬೇಡಿ. ಒಬ್ಬೊಬ್ಬ ಗಿರಾಕಿಯ ಹಿಂದಿನ ಐದಾರು ಬಿಲ್ ತೆಗೆದು, ಬರೆದ ದಿನದಿಂದ ಬ್ಯಾಂಕಿಗೆ ಬಂದ ದಿನದವರೆಗೆ ಎಣಿಸಿ. ಒಬ್ಬರದು 34 ಬರುತ್ತದೆ, ಇನ್ನೊಬ್ಬರದು 71. ನನಗೆ ಅತಿ ಪ್ರೀತಿಯಿಂದ ಮಾತಾಡುವ ಒಬ್ಬ ಗಿರಾಕಿಯೇ ಪಟ್ಟಿಯಲ್ಲಿ ಎಲ್ಲರಿಗಿಂತ ತಡವಾಗಿ ಕೊಡುವವರಾಗಿದ್ದರು. ಮಾತು ಬೇರೆ, ಅಭ್ಯಾಸ ಬೇರೆ. ಫೋರ್ಕಾಸ್ಟ್‌ಗೆ ಬೇಕಾಗಿರುವುದು ಅಭ್ಯಾಸ. ಇನ್ನೂ ಆರ್ಡರ್ ಕೊಡದವರ ದುಡ್ಡನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಗ್ಯಾರಂಟಿ ಇರುವುದರ ಜೊತೆ ಬೆರೆಸಬೇಡಿ.

ಹೋಗುವ ಕಡೆ ಲೆಕ್ಕ ಸುಲಭ, ಆದರೆ ಮರೆಯುವುದೂ ಅಲ್ಲೇ. ಸಾಲದ ಕಂತಿನಲ್ಲಿ ಬಡ್ಡಿ ಮಾತ್ರ ಲಾಭ ನಷ್ಟದಲ್ಲಿ ಬರುತ್ತದೆ, ಅಸಲು ಬರುವುದಿಲ್ಲ, ಖಾತೆಯಿಂದ ಹೋಗುವುದು ಮಾತ್ರ ಎರಡೂ. ಸವಕಳಿ ಅದಕ್ಕೆ ಉಲ್ಟಾ, ಪುಸ್ತಕದಲ್ಲಿ ಖರ್ಚು, ಕೈಯಿಂದ ಒಂದು ಪೈಸೆ ಹೋಗುವುದಿಲ್ಲ. ಮಾರಾಟದ ಮೇಲೆ ವಸೂಲಿ ಮಾಡಿದ ತೆರಿಗೆ ಖಾತೆಯಲ್ಲಿ ಇದ್ದಷ್ಟು ದಿನ ನಮ್ಮದೇ ಅನ್ನಿಸುತ್ತದೆ, ಕಟ್ಟುವ ದಿನ ಹೊಟ್ಟೆ ಉರಿಯುತ್ತದೆ. ವರ್ಷಕ್ಕೊಮ್ಮೆ ಬರುವ ವಿಮೆ, ಲೈಸೆನ್ಸು, ಮಾಲೀಕರು ಮನೆ ಖರ್ಚಿಗೆ ತೆಗೆಯುವ ದುಡ್ಡು, ಇವೂ ಸೇರಬೇಕು. ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಒಂದೊಂದೇ ಸಾಲು ಓದಿದರೆ ಮರೆತಿದ್ದೆಲ್ಲ ಸಿಗುತ್ತದೆ.

ಹಾಳೆ ತುಂಬಿದ ಮೇಲೆ ನಾನು ಮೊದಲು ನೋಡುವುದು ಕೊನೆಯ ವಾರದ ಶಿಲ್ಕನ್ನಲ್ಲ. 13 ವಾರಗಳಲ್ಲಿ ಎಲ್ಲಕ್ಕಿಂತ ಕಡಿಮೆ ಶಿಲ್ಕು ಯಾವ ವಾರ, ಎಷ್ಟು? ಆಮೇಲೆ ಬರುವುದನ್ನೆಲ್ಲ ಎರಡು ವಾರ ಮುಂದಕ್ಕೆ ತಳ್ಳಿ ನೋಡುತ್ತೇನೆ. ಅತಿ ದೊಡ್ಡ ಗಿರಾಕಿ ಒಂದು ತಿಂಗಳು ತಡ ಮಾಡಿದರೆ ಏನು ಅಂತಲೂ ನೋಡುತ್ತೇನೆ. ಸೂತ್ರಗಳನ್ನು ಸರಿಯಾಗಿ ಹಾಕಿದ್ದರೆ ಎಕ್ಸೆಲ್‌ನಲ್ಲಿ ಎರಡು ನಿಮಿಷದ ಕೆಲಸ.

ಕಡಿಮೆ ಬೀಳುತ್ತದೆ ಅಂತ ಆರು ವಾರ ಮೊದಲೇ ಗೊತ್ತಾದರೆ ಏನೇನೋ ಮಾಡಬಹುದು. ಸರಕು ಕೊಡುವವರ ಹತ್ತಿರ ಹತ್ತು ದಿನ ಕೇಳಬಹುದು, ಯಂತ್ರ ಕೊಳ್ಳುವುದನ್ನು ಮುಂದೂಡಬಹುದು, ಬ್ಯಾಂಕಿನವರ ಜೊತೆ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆಯುವ ಸೌಲಭ್ಯ) ಬಗ್ಗೆ ನೆಮ್ಮದಿಯಾಗಿ ಮಾತಾಡಬಹುದು. ಹಿಂದಿನ ದಿನ ಗೊತ್ತಾದರೆ ಯಾರದ್ದಾದರೂ ಕೈಗಡವೇ ಗತಿ. ಬೇಗ ಕೊಟ್ಟರೆ ಡಿಸ್ಕೌಂಟ್ ಅಂತ ಗಿರಾಕಿಗೆ ಹೇಳುವ ಮುಂಚೆ ಮಾತ್ರ ಒಂದು ಗುಣಾಕಾರ ಮಾಡಿ. 30 ದಿನದ ಬದಲು 10 ದಿನಕ್ಕೆ ಕೊಟ್ಟರೆ 2% ಬಿಡುತ್ತೇನೆ ಅಂದರೆ, 20 ದಿನ ಮೊದಲೇ 98 ಸಿಗಲಿ ಅಂತ 2 ಬಿಟ್ಟಂತೆ. ವರ್ಷದ ಲೆಕ್ಕಕ್ಕೆ ಅದು ಸುಮಾರು 37% ಬಡ್ಡಿ. ತೀರಾ ಕುತ್ತಿಗೆಗೆ ಬಂದಾಗ ಮಾಡಿ, ಅಭ್ಯಾಸ ಮಾಡಿಕೊಳ್ಳಬೇಡಿ.

ಒಂದು ಸಲ ಮಾಡಿ ಫೈಲಿನಲ್ಲಿಟ್ಟರೆ ಇದು ಎರಡು ವಾರಕ್ಕೇ ಹಳಸುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ಕಳೆದ ವಾರದ ಅಂದಾಜಿನ ಪಕ್ಕದಲ್ಲಿ ನಿಜವಾಗಿ ಆಗಿದ್ದನ್ನು ಬರೆದು, ಕೊನೆಗೆ ಹೊಸ ವಾರ ಒಂದನ್ನು ಸೇರಿಸುತ್ತೇನೆ. ಹಳೆಯ ಅಂದಾಜನ್ನು ಅಳಿಸುವುದಿಲ್ಲ, ನನ್ನ ತಪ್ಪು ನನಗೆ ಕಾಣಬೇಕಲ್ಲ. ವ್ಯತ್ಯಾಸ ಬಂದರೆ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ದುಡ್ಡು ತಡವಾಯಿತಾ, ಬರುವುದೇ ಇಲ್ಲವಾ? ತಡವಾಗಿದ್ದರೆ ಮುಂದಿನ ಕಾಲಮ್ಮಿಗೆ ಹೋಗುತ್ತದೆ. ಬರದಿದ್ದರೆ ಹೊಡೆದು ಹಾಕಿ ಕೆಳಗಿನ ಶಿಲ್ಕನ್ನೆಲ್ಲ ಮತ್ತೆ ನೋಡಬೇಕು. ಒಂದೇ ಮೊತ್ತವನ್ನು ನಾಲ್ಕು ಸೋಮವಾರ ಮುಂದಕ್ಕೆ ತಳ್ಳುತ್ತಿದ್ದರೆ ನಾನು ನನಗೇ ಸುಳ್ಳು ಹೇಳಿಕೊಳ್ಳುತ್ತಿದ್ದೇನೆ ಅಂತ ಅರ್ಥ.

ಈ ವಾರದ ಹಾಳೆಯಲ್ಲಿ 9ನೇ ವಾರ ಸ್ವಲ್ಪ ಕೆಳಗೆ ಇಳಿಯುತ್ತಿದೆ. ಆ ಪ್ರೀತಿಯ ಗಿರಾಕಿಗೆ ಇವತ್ತೇ ಫೋನ್ ಮಾಡಬೇಕು.