ಮೂತ್ರಕೋಶವನ್ನು ಕಾಯುವ ನರಕೋಶಗಳು ಸುಮ್ಮನಿರುವುದು ಹೇಗೆ?

ವೈದ್ಯ ವಿದ್ಯಾರ್ಥಿಗಳಿಗೆ ಮೂತ್ರ ವಿಸರ್ಜನೆಯ ಪಾಠ ಮಾಡುವಾಗ ನಾವು ಹಲಗೆಯ ಮೇಲೆ ಕೆಲವು ಬಾಣಗಳನ್ನು ಎಳೆಯುತ್ತೇವೆ. ಮೂತ್ರಕೋಶ ತುಂಬಿದ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳುಕಾಂಡದ ಪಾನ್ಸ್ ಭಾಗಕ್ಕೆ ಏರುತ್ತದೆ, ಅಲ್ಲಿಂದ ಅಪ್ಪಣೆ ಇಳಿದು ಬರುತ್ತದೆ, ಮೂತ್ರಕೋಶ ಸಂಕುಚಿಸುತ್ತದೆ, ಅದರ ಬಾಯಿ ಕಾಯುವ ಸ್ನಾಯು ಸಡಿಲವಾಗುತ್ತದೆ. 1920ರ ದಶಕದಲ್ಲಿ ಬ್ಯಾರಿಂಗ್ಟನ್ ಎಂಬ ವಿಜ್ಞಾನಿ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಮೂಡಿದ ಈ ಚಿತ್ರ ತಪ್ಪಲ್ಲ. ಆದರೆ ಬಾಣ ಹೋಗಿ ಮುಟ್ಟುವ ನರಕೋಶ ಅದರಲ್ಲಿ ಬರೀ ಒಂದು ಚುಕ್ಕೆಯಾಗಿಬಿಡುತ್ತದೆ. ಗಂಟೆಗಟ್ಟಲೆ ಸುಮ್ಮನಿದ್ದು, ಬೇಕಾದ ಹೊತ್ತಿಗೆ ಬೇಕಾದಷ್ಟೇ ಮಿಡಿಯುವ, ಅಂದರೆ ವಿದ್ಯುತ್ ಸಂಕೇತ ಹೊರಡಿಸುವ, ಗುಣ ಆ ಚುಕ್ಕೆಯೊಳಗೂ ಇದೆ. ಆ ಗುಣದ ದೊಡ್ಡ ಪಾಲು ಪೊಟ್ಯಾಸಿಯಮ್ ಚಾನೆಲ್‌ಗಳದ್ದು, ಅಂದರೆ ಕೋಶದ ಪೊರೆಯಲ್ಲಿ ಪೊಟ್ಯಾಸಿಯಮ್ ಹಾದುಹೋಗಲು ಇರುವ ಸಣ್ಣ ಬಾಗಿಲುಗಳದ್ದು.

ಮನುಷ್ಯರಲ್ಲಿ ಬೆನ್ನುಹುರಿಯ ಕೆಳತುದಿಯ ಬಳಿ, ಎರಡರಿಂದ ನಾಲ್ಕನೆಯ ಸ್ಯಾಕ್ರಲ್ ಖಂಡಗಳಲ್ಲಿ, ಎರಡು ಬಗೆಯ ನರಕೋಶಗಳು ಹತ್ತಿರ ಹತ್ತಿರವೇ ಇವೆ. ಒಂದು ಗುಂಪು ನಮ್ಮ ಇಚ್ಛೆಗೆ ನೇರವಾಗಿ ಒಳಪಡದ ಪ್ಯಾರಾಸಿಂಪಥೆಟಿಕ್ ನರಗಳ ಮೂಲಕ ಮೂತ್ರಕೋಶದ ಗೋಡೆಯ ಸ್ನಾಯುವನ್ನು ಸಂಕುಚಿಸುತ್ತದೆ. ಇನ್ನೊಂದು, ಓನುಫ್ ನ್ಯೂಕ್ಲಿಯಸ್ ಎಂಬ ಸಣ್ಣ ಗುಂಪು, ಬಾಯಿ ಕಾಯುವ ಹೊರಗಿನ ಸ್ಫಿಂಕ್ಟರ್ ಸ್ನಾಯುವನ್ನು ಬಿಗಿ ಹಿಡಿಯುತ್ತದೆ. ನರಕೋಶದ ಒಳಗೆ ಪೊಟ್ಯಾಸಿಯಮ್ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ಕೇವಲ 4ರ ಆಸುಪಾಸು. ಚಾನೆಲ್ ತೆರೆದಾಗ ಪೊಟ್ಯಾಸಿಯಮ್ ಹೊರಕ್ಕೆ ಹರಿದು, ಪೊರೆಯ ವಿದ್ಯುತ್ ವಿಭವವನ್ನು ಮೈನಸ್ 90 ಮಿಲಿವೋಲ್ಟ್ ಕಡೆಗೆ ಎಳೆಯುವುದರಿಂದ ಕೋಶ ಮಿಡಿಯುವುದು ಕಷ್ಟವಾಗುತ್ತದೆ. ಈ ಚಾನೆಲ್‌ಗಳಲ್ಲಿ ಕೆಲವು ಕೋಶ ವಿಶ್ರಾಂತಿಯಲ್ಲಿದ್ದಾಗಲೇ ತೆರೆದಿರುತ್ತವೆ, ಕೆಲವು ಮಿಡಿತ ಮುಗಿದ ಕೂಡಲೇ ತೆರೆಯುತ್ತವೆ, ಇನ್ನು ಕೆಲವು ನಿಧಾನವಾಗಿ ತೆರೆದು ನಿಧಾನವಾಗಿ ಮುಚ್ಚುತ್ತವೆ. ಯಾವ ಬಗೆಯವು ಎಷ್ಟಿವೆ ಎಂಬುದರ ಮೇಲೆ, ಒಂದೇ ಸಂದೇಶಕ್ಕೆ ಎರಡು ನರಕೋಶಗಳು ಬೇರೆ ಬೇರೆ ಉತ್ತರ ಕೊಡುತ್ತವೆ.

ಇದನ್ನು ಕಣ್ಣಾರೆ ಕಾಣುವಂತೆ ತೋರಿಸಿದ್ದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಡಿ ಗ್ರೋಟ್ ಮತ್ತು ಸಹೋದ್ಯೋಗಿಗಳು ಎಳೆಯ ಇಲಿಗಳ ಬೆನ್ನುಹುರಿಯ ತೆಳು ಬಿಲ್ಲೆಗಳಲ್ಲಿ ಮಾಡಿ 2000ದಲ್ಲಿ ಪ್ರಕಟಿಸಿದ ಕೆಲಸ. ಮೊದಲೇ ಹೊಳೆಯುವ ಬಣ್ಣ ಏರಿಸಿ ಗುರುತಿಟ್ಟ ಪ್ಯಾರಾಸಿಂಪಥೆಟಿಕ್ ನರಕೋಶಕ್ಕೆ ಕೂದಲಿಗಿಂತ ಸಣ್ಣ ತುದಿಯ ಗಾಜಿನ ನಳಿಕೆಯನ್ನು ಅಂಟಿಸಿ, ಸ್ವಲ್ಪ ಹೊತ್ತು ಒಂದೇ ಸಮನೆ ವಿದ್ಯುತ್ ಹರಿಸುತ್ತಾರೆ. ಕೆಲವು ಕೋಶಗಳು ವಿದ್ಯುತ್ ಇರುವಷ್ಟು ಹೊತ್ತೂ ಮಿಡಿಯುತ್ತವೆ. ಬೇರೆ ಕೆಲವು ಆರಂಭದಲ್ಲಿ ಮಿಡಿದು, ವಿದ್ಯುತ್ ಇನ್ನೂ ಹರಿಯುತ್ತಿದ್ದರೂ ಸುಮ್ಮನಾಗುತ್ತವೆ. ಹೀಗೆ ಸುಮ್ಮನಾಗುವ ಕೋಶಗಳಿಗೆ 4-ಅಮಿನೋಪಿರಿಡೀನ್ ಎಂಬ, ಕೆಲವು ಪೊಟ್ಯಾಸಿಯಮ್ ಚಾನೆಲ್‌ಗಳನ್ನು ಮುಚ್ಚುವ ವಸ್ತುವನ್ನು ಸೇರಿಸಿದಾಗ ಅವೂ ಬಿಡದೆ ಮಿಡಿಯತೊಡಗಿದವು. ಅಂದರೆ ಅವುಗಳ ಮೌನ ದೌರ್ಬಲ್ಯವಲ್ಲ, ಚಾನೆಲ್‌ಗಳು ಹಿಡಿದು ನಿಲ್ಲಿಸಿದ ಮೌನ. ನನಗೆ ಈ ಪ್ರಯೋಗದಷ್ಟು ಸ್ಪಷ್ಟವಾಗಿ ವಿಷಯ ತಿಳಿಸುವ ಪಾಠ ಇನ್ನೊಂದಿಲ್ಲ.

ಸ್ಫಿಂಕ್ಟರ್ ಕಡೆಯ ಅಗತ್ಯ ಬೇರೆ. ಅಲ್ಲಿನ ನರಕೋಶಗಳು ಹೆಚ್ಚು ಜೋರಿಲ್ಲದೆ, ದಣಿಯದೆ, ದೀರ್ಘಕಾಲ ಮಿಡಿಯುತ್ತಿರಬೇಕು. ಬೆನ್ನುಹುರಿಯಿಂದ ಸ್ನಾಯುಗಳಿಗೆ ಅಪ್ಪಣೆ ಕಳಿಸುವ ಚಾಲಕ ನರಕೋಶಗಳಲ್ಲಿ ಪ್ರತಿ ಮಿಡಿತದ ನಂತರ ಕ್ಯಾಲ್ಸಿಯಮ್‌ನಿಂದ ತೆರೆಯುವ ಪೊಟ್ಯಾಸಿಯಮ್ ಚಾನೆಲ್‌ಗಳು ಮುಂದಿನ ಮಿಡಿತವನ್ನು ತಡೆದು, ಎರಡರ ನಡುವಿನ ಅಂತರವನ್ನು ನಿರ್ಧರಿಸುತ್ತವೆ. ಜೇನುನೊಣದ ವಿಷದಲ್ಲಿರುವ ಅಪಮಿನ್ ಈ ಚಾನೆಲ್‌ಗಳನ್ನು ಮುಚ್ಚಿದರೆ ಮಿಡಿತ ವೇಗಗೊಳ್ಳುತ್ತದೆ. ಹಾಗೆಂದು ಎಲ್ಲವನ್ನೂ ಪೊಟ್ಯಾಸಿಯಮ್‌ಗೆ ಕಟ್ಟುವುದು ಸರಿಯಲ್ಲ. ಮೂತ್ರ ಹೊರಹೋಗುವ ಹೊತ್ತಿನಲ್ಲಿ ಈ ನರಕೋಶಗಳನ್ನು ತಣ್ಣಗಾಗಿಸುವುದರಲ್ಲಿ ಗ್ಲೈಸಿನ್ ಎಂಬ ಬೇರೆಯೇ ರಾಸಾಯನಿಕದ ಪಾತ್ರ ದೊಡ್ಡದೆಂದು ಬೆಕ್ಕುಗಳಲ್ಲಿ ಕಂಡುಬಂದಿದೆ.

ಈ ಚಾನೆಲ್‌ಗಳ ಮೇಲೆ ಕೆಲಸ ಮಾಡುವ ಔಷಧಗಳು ಮನುಷ್ಯರಿಗೆ ಬಂದಾಗ ಏನಾಯಿತು ಎಂಬುದೂ ಮುಖ್ಯ. ಮೂರ್ಛೆರೋಗಕ್ಕೆಂದು 2011ರಲ್ಲಿ ಅನುಮತಿ ಪಡೆದ ರೆಟಿಗಾಬಿನ್, ಕೆವಿ7 ಗುಂಪಿನ ಪೊಟ್ಯಾಸಿಯಮ್ ಚಾನೆಲ್‌ಗಳನ್ನು ತೆರೆದಿಡುತ್ತಿತ್ತು. ಅದನ್ನು ಸೇವಿಸಿದ ಕೆಲವರಿಗೆ ಮೂತ್ರ ಕಟ್ಟಿಕೊಂಡು ಕ್ಯಾಥೆಟರ್, ಅಂದರೆ ಮೂತ್ರ ಹೊರತೆಗೆಯುವ ಪೈಪು, ಹಾಕಬೇಕಾಯಿತು. ಇದೇ ಚಾನೆಲ್‌ಗಳು ಮೂತ್ರಕೋಶದ ಸ್ನಾಯುವಿನಲ್ಲೂ ಇರುವುದರಿಂದ ಇದಕ್ಕೆ ಬೆನ್ನುಹುರಿಯೊಂದನ್ನೇ ಕಾರಣವೆನ್ನಲಾಗದು. ಕಣ್ಣು ಮತ್ತು ಚರ್ಮದ ಬಣ್ಣಗೆಡುವ ತೊಂದರೆಯೂ ಕಂಡುಬಂದು, 2017ರಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ಇಲಿಯ ನರಕೋಶಗಳ ಮೌನ ಮುರಿದ 4-ಅಮಿನೋಪಿರಿಡೀನ್ ಅನ್ನೇ ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ನಡಿಗೆ ಸುಧಾರಿಸಲು ಅಮೆರಿಕ 2010ರಿಂದ ಒಪ್ಪಿದೆ. ಆದರೆ ಪ್ರಮಾಣ ಹೆಚ್ಚಾದರೆ ಅದೇ ವಸ್ತು ಫಿಟ್ಸ್ ತರುತ್ತದೆ. ಚಾನೆಲ್ ದೇಹದ ಎಲ್ಲೆಡೆ ಇರುವಾಗ ನುಂಗಿದ ಮಾತ್ರೆಗೆ ಯಾವ ನರಕೋಶ ಬೇಕಿತ್ತೆಂದು ತಿಳಿಯುವುದಿಲ್ಲ.

ಬೆನ್ನುಹುರಿಗೆ ಪೆಟ್ಟಾದವರ ವಾರ್ಡಿನಲ್ಲಿ ಮನೆಯವರು ಕೇಳುವುದು ನಡಿಗೆಯ ಬಗ್ಗೆ. ರೋಗಿ ಮಾತ್ರ ತಗ್ಗಿದ ದನಿಯಲ್ಲಿ "ಈ ಪೈಪು ಯಾವಾಗ ತೆಗೀತೀರಿ ಡಾಕ್ಟ್ರೇ" ಎನ್ನುತ್ತಾರೆ. ಪೆಟ್ಟಿನ ನಂತರ ಕೆಲವು ವಾರ ಮೂತ್ರಕೋಶ ಸಪ್ಪಗಿದ್ದು, ಆಮೇಲೆ ಮಿದುಳಿನ ಅಂಕೆಯಿಲ್ಲದೆ ತಾನೇ ಸಂಕುಚಿಸತೊಡಗುತ್ತದೆ. ಅದೇ ಹೊತ್ತಿಗೆ ಸ್ಫಿಂಕ್ಟರ್ ಕೂಡ ಬಿಗಿದರೆ ಒತ್ತಡ ಮೂತ್ರಪಿಂಡಗಳಿಗೆ ಏರುತ್ತದೆ. ಇಂಥ ಪೆಟ್ಟಾದ ಇಲಿಗಳಲ್ಲಿ ಮೂತ್ರಕೋಶದಿಂದ ಸುದ್ದಿ ತರುವ ಸಂವೇದಕ ನರಕೋಶಗಳಲ್ಲಿ ಕೆವಿ1.4 ಎಂಬ ಪೊಟ್ಯಾಸಿಯಮ್ ಚಾನೆಲ್ ಘಟಕ ಕಡಿಮೆಯಾಗಿ ಅವು ಅತಿಯಾಗಿ ಉದ್ರೇಕಗೊಳ್ಳುತ್ತವೆ ಎಂಬುದು ತಿಳಿದಿದೆ. ಮೂತ್ರಕೋಶವನ್ನು ಶಾಂತಗೊಳಿಸಲು ಇವತ್ತು ನಾವು ಕೊಡುವ ಆಕ್ಸಿಬ್ಯೂಟಿನಿನ್ ಮಾತ್ರೆಯಾಗಲಿ, ಬೊಟುಲಿನಮ್ ಚುಚ್ಚುಮದ್ದಾಗಲಿ ಮುಖ್ಯವಾಗಿ ಮೂತ್ರಕೋಶದ ಗೋಡೆಯಲ್ಲಿ ಕೆಲಸ ಮಾಡುತ್ತವೆ. ಕಳೆದುಹೋದ ಚಾನೆಲ್‌ಗಳನ್ನು ಆ ನರಕೋಶಗಳಿಗಷ್ಟೇ ಮರಳಿಸುವ ಚಿಕಿತ್ಸೆ ಬರಬೇಕೆಂಬುದು ನನ್ನ ಆಸೆ. ಆದರೆ ಇಲಿಯ ಸ್ಫಿಂಕ್ಟರ್ ಮೂತ್ರ ಹೊರಹೋಗುವಾಗ ಬಿಟ್ಟುಬಿಟ್ಟು ಮಿಡಿದು ಚಿಮ್ಮಿಸುತ್ತದೆ, ಮನುಷ್ಯರದ್ದು ಪೂರ್ತಿ ಸಡಿಲವಾಗುತ್ತದೆ. ಹೀಗಾಗಿ ಇಲಿಯಲ್ಲಿ ಕಂಡ ಪ್ರತಿಯೊಂದನ್ನೂ ಮನುಷ್ಯರ ನರಕೋಶಗಳಲ್ಲಿ ಮತ್ತೆ ಪರೀಕ್ಷಿಸಿಯೇ ಮುಂದೆ ಹೋಗಬೇಕಾಗುತ್ತದೆ.