ಹಡಗಿನಿಂದ ಇಳಿದು ಬಂದ ಹಿಟ್ ಪಾಯಿಂಟ್

ಕಳೆದ ಶನಿವಾರ ರಾತ್ರಿ ನಮ್ಮ ಮನೆಯ ಊಟದ ಮೇಜಿನ ಸುತ್ತ ಐದು ಜನ ಮಾತಿಲ್ಲದೆ ಕೂತಿದ್ದೆವು. ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಗೆಳತಿಯೊಬ್ಬಳ ಪಾತ್ರದ ಹಿಟ್ ಪಾಯಿಂಟ್, ಅಂದರೆ ಇನ್ನೆಷ್ಟು ಪೆಟ್ಟು ತಡೆದುಕೊಳ್ಳಬಹುದು ಅನ್ನುವ ಲೆಕ್ಕ, ಸೊನ್ನೆಗೆ ಇಳಿದಿತ್ತು. ಆಟದ 2014ರ ಐದನೇ ಆವೃತ್ತಿಯಲ್ಲಿ ಹೀಗೆ ಬಿದ್ದವರು ಸಾಮಾನ್ಯವಾಗಿ ಆ ಕ್ಷಣಕ್ಕೇ ಸಾಯುವುದಿಲ್ಲ. ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಉರುಳಿಸಬೇಕು, 10 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಒಂದು ಗೆಲುವು, ಕಮ್ಮಿ ಬಿದ್ದರೆ ಒಂದು ಸೋಲು, ಮೂರು ಗೆಲುವಾದರೆ ಜೀವ ಉಳಿಯಿತು, ಮೂರು ಸೋಲಾದರೆ ಹೋಯಿತು. ಅವಳದ್ದು ಆಗಲೇ ಎರಡು ಗೆಲುವು, ಎರಡು ಸೋಲು. ದಾಳ ಉರುಳಿಕೊಂಡು ಹೋಗಿ ಕಡಲೆಬೀಜದ ತಟ್ಟೆಗೆ ತಾಗಿ ನಿಂತಿತು. 11. ಒಂದೂವರೆ ವರ್ಷದಿಂದ ಅವಳು ಆಡುತ್ತಿರುವ ಪಾತ್ರ ಅದು. ಪಾತ್ರದ ವಿವರ ಬರೆದಿಟ್ಟ ಹಾಳೆಯಲ್ಲಿ ಹಿಟ್ ಪಾಯಿಂಟ್ ಬರೆಯುವ ಜಾಗ ಅಳಿಸಿ ಅಳಿಸಿ ಇನ್ನೇನು ತೂತು ಬೀಳುವ ಹಾಗಿದೆ.

ಆ ಪುಟ್ಟ ಸಂಖ್ಯೆ ಎಲ್ಲಿಂದ ಬಂತು ಅನ್ನುವ ಕಥೆ ನನಗೆ ತುಂಬಾ ಇಷ್ಟ.

ಮೂಲ ಇರುವುದು ಯುದ್ಧದ ಆಟಗಳಲ್ಲಿ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ಪ್ರಕಟಿಸಿದ ಕ್ರೀಗ್ಸ್‌ಶ್ಪೀಲ್ ಎಂಬ ಯುದ್ಧದಾಟದಲ್ಲೇ ನಕ್ಷೆ, ದಾಳ, ನಡುವೆ ಒಬ್ಬ ತೀರ್ಪುಗಾರ ಎಲ್ಲ ಇದ್ದವು. ಆದರೆ ಅಲ್ಲಿ ಸೈನಿಕರು ಬರೀ ಲೆಕ್ಕ. ಅಮೆರಿಕದ ಮಿನಿಯಾಪೊಲಿಸ್ ಕಡೆ ಡೇವ್ ವೆಸ್ಲಿ 1969ರಲ್ಲಿ ಬ್ರೌನ್‌ಸ್ಟೈನ್ ಎಂಬ ಆಟ ಆಡಿಸಿದಾಗ ದೊಡ್ಡ ಬದಲಾವಣೆ ಆಯಿತು. ಒಬ್ಬೊಬ್ಬರಿಗೆ ಒಂದು ಸೇನೆ ಕೊಡುವ ಬದಲು, ಊರಿನ ಮೇಯರ್‌ನಂಥ ಒಬ್ಬೊಬ್ಬ ಮನುಷ್ಯನ ಪಾತ್ರ ಕೊಟ್ಟರು. ಆಟ ಗೊಂದಲವಾಗಿ ಕೆಟ್ಟಿತು ಅಂತ ವೆಸ್ಲಿ ಅಂದುಕೊಂಡರು, ಆಡಿದವರು ಮಾತ್ರ ಇನ್ನೊಂದ್ಸಲ ಆಡೋಣ ಅಂದರು.

ಹಾಗೆ ಆಡಿದವರಲ್ಲಿ ಡೇವ್ ಆರ್ನೆಸನ್ ಒಬ್ಬರು. ಅವರು ಬ್ಲ್ಯಾಕ್‌ಮೂರ್ ಎಂಬ ತಮ್ಮದೇ ಲೋಕ ಕಟ್ಟಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಹೊರತಂದಿದ್ದ ಚೈನ್‌ಮೇಲ್ ಎಂಬ ಗೊಂಬೆ ಸೈನಿಕರ ಯುದ್ಧದಾಟದ ನಿಯಮಗಳನ್ನು ಬಳಸಿ ನೋಡಿದರು. ಅದರಲ್ಲಿ ಪೆಟ್ಟು ತಗುಲಿತು ಅಂದರೆ ಸಾಮಾನ್ಯ ಸೈನಿಕ ಸತ್ತ ಹಾಗೇ. ಗೊಂಬೆಗಳ ಸಾಲಿಗೆ ಅದು ಸರಿ. ಆದರೆ ನಾವೇ ಹೆಸರಿಟ್ಟು ವಾರಗಟ್ಟಲೆ ಆಡಿದ ವೀರ ಒಂದೇ ದಾಳಕ್ಕೆ ಹೋಗಿಬಿಟ್ಟರೆ ಹೊಟ್ಟೆ ಉರಿಯುತ್ತೆ, ಅಲ್ವಾ? ಬ್ಲ್ಯಾಕ್‌ಮೂರ್ ಆಡುತ್ತಿದ್ದವರೂ ಒಪ್ಪಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಹಡಗುಗಳ ಆಟಕ್ಕೆ ಅಂತ ಆರ್ನೆಸನ್ ಮೊದಲೇ ನಿಯಮ ಮಾಡಿಟ್ಟುಕೊಂಡಿದ್ದರು. ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲ, ಪೆಟ್ಟು ತಿಂದು ತಿಂದು ಮುಳುಗುತ್ತೆ. ಹಿಟ್ ಪಾಯಿಂಟ್, ಆರ್ಮರ್ ಕ್ಲಾಸ್ (ಪೆಟ್ಟು ತಗುಲುವುದು ಎಷ್ಟು ಕಷ್ಟ ಅನ್ನುವ ಲೆಕ್ಕ) ಎರಡನ್ನೂ ಅಲ್ಲಿಂದಲೇ ತಂದದ್ದು ಅಂತ ಅವರೇ ಮುಂದೆ ಹೇಳಿದ್ದಾರೆ. ಹಡಗಿನ ಲೆಕ್ಕವನ್ನು ಮನುಷ್ಯನ ಮೈಗೆ ತೊಡಿಸಿದರು! ಈ ಆಟಗಳ ಚರಿತ್ರೆಯಲ್ಲಿ ಇದಕ್ಕಿಂತ ಚಂದದ ಹೆಜ್ಜೆ ಇನ್ನೊಂದಿಲ್ಲ ಅನ್ನುವುದು ನನ್ನ ಅನಿಸಿಕೆ.

1974ರಲ್ಲಿ ಗೈಗ್ಯಾಕ್ಸ್, ಆರ್ನೆಸನ್ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದರು. ಮೂರು ಪುಟ್ಟ ಪುಸ್ತಕ, ಮೊದಲ ಮುದ್ರಣ 1000 ಪ್ರತಿ. ಆಗ ಹೊಸ ಮಾಂತ್ರಿಕನ ಹಿಟ್ ಪಾಯಿಂಟ್ ಅಂದರೆ ಆರು ಮುಖದ ಒಂದು ದಾಳದಲ್ಲಿ ಬಿದ್ದಷ್ಟು, ಕತ್ತಿಯ ಪೆಟ್ಟಿಗೂ ಅದೇ ದಾಳ. ಅಂದರೆ ಒಂದೇ ಏಟಿಗೆ ಸಾಯುವುದು ಪೂರ್ತಿ ತಪ್ಪಿರಲಿಲ್ಲ. ಅದೇ ಆಟಕ್ಕೆ ಸೇರಿಸಿದ 1975ರ ಗ್ರೇಹಾಕ್ ಪುಸ್ತಕ ಹೋರಾಟಗಾರನಿಗೆ ಎಂಟು ಮುಖದ ದಾಳ ಕೊಟ್ಟಿತು, ಮಾಂತ್ರಿಕನಿಗೆ ನಾಲ್ಕಕ್ಕೆ ಇಳಿಸಿತು.

ಎಲ್ಲರಿಗೂ ಈ ಲೆಕ್ಕ ಹಿಡಿಸಲಿಲ್ಲ. 1978ರ ರೂನ್‌ಕ್ವೆಸ್ಟ್ ಎಂಬ ಇನ್ನೊಂದು ಆಟದಲ್ಲಿ ಕೈಗೆ ಬೇರೆ, ಕಾಲಿಗೆ ಬೇರೆ, ತಲೆಗೆ ಬೇರೆ ಹಿಟ್ ಪಾಯಿಂಟ್. ಕಾಲಿಗೆ ಏಟು ಬಿದ್ದರೆ ಕುಸಿದು ಬೀಳುತ್ತೀರಿ. ಅದರಲ್ಲಿ ಒಂದು ಸಲ ಆಡಿದ ಮೇಲೆ ಸುಮ್ನೆ ಕತ್ತಿ ಹಿರಿಯುವ ಅಭ್ಯಾಸ ನಮ್ಮ ಗುಂಪಿನಲ್ಲಿ ನಿಂತೇಹೋಯಿತು. 1981ರಲ್ಲಿ ಸ್ಯಾಂಡಿ ಪೀಟರ್ಸನ್ ಮಾಡಿದ ಕಾಲ್ ಆಫ್ ಕ್ಥುಲ್ಹು ಎಂಬ ಭಯಾನಕ ಕಥೆಗಳ ಆಟ ಇನ್ನೂ ಮುಂದೆ ಹೋಯಿತು. ಮೈಗೊಂದು ಸಂಖ್ಯೆ ಇದ್ದ ಹಾಗೆ ಮನಸ್ಸಿಗೂ ಒಂದು ಸಂಖ್ಯೆ, ಸ್ಯಾನಿಟಿ. ನೋಡಬಾರದ್ದನ್ನು ನೋಡಿದರೆ ಅದು ಇಳಿಯುತ್ತೆ, ಹಾಗೆ ಇಳಿದದ್ದನ್ನು ಮತ್ತೆ ಗಳಿಸುವುದು ಬಹಳ ಕಷ್ಟ.

ಮುಂದಿನ ತಿಂಗಳು ಅದನ್ನೇ ಆಡೋಣ ಅಂತಿದ್ದೇವೆ. ಗೆಳತಿ ಈಗಲೇ ಪತ್ರಕರ್ತೆಯ ಪಾತ್ರ ಬರೆದಿಟ್ಟುಕೊಂಡಿದ್ದಾಳೆ. ಸ್ಯಾನಿಟಿ 65.