ರಿಂಗ್ ರಸ್ತೆಯ ಒಳಗೋ, ಆಚೆಗೋ

ಮೈಸೂರು, 27 ಏಪ್ರಿಲ್ 2025, ಭಾನುವಾರ

ಮನೆಯ ವಿಷಯ ಇಂದು ಬಹುಮಟ್ಟಿಗೆ ತೀರ್ಮಾನವಾಯಿತು. ರಿಂಗ್ ರಸ್ತೆಯ ಒಳಗಿರುವ ರಾಮಕೃಷ್ಣನಗರದಲ್ಲಿ ನೆಲ ಅಂತಸ್ತಿನ ಬಾಡಿಗೆ ಮನೆಯೊಂದಕ್ಕೆ ಮುಂಗಡ ಕೊಟ್ಟು ಬಂದಿದ್ದೇವೆ. ನಿವೇಶನ ಕೊಳ್ಳುವ ಮಾತನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ. ಉತ್ತರ ಕರ್ನಾಟಕದಿಂದ ಈ ಕಡೆಗೆ ವರ್ಗವಾಗಿ ಬರುವ ಬೇರೆ ಕುಟುಂಬಗಳಿಗೂ ಉಪಯೋಗವಾದೀತೆಂದು, ಈ ನಿರ್ಧಾರಕ್ಕೆ ಬಂದ ಬಗೆಯನ್ನು ಎಲ್ಲವೂ ನೆನಪಿನಲ್ಲಿರುವಾಗಲೇ ಬರೆದಿಡುತ್ತಿದ್ದೇನೆ.

ವರ್ಗಾವಣೆಯ ಆದೇಶ ಬಂದಾಗ ಹುಬ್ಬಳ್ಳಿಯ ವಿದ್ಯಾನಗರದ ನೆರೆಹೊರೆಯವರೆಲ್ಲ "ಮೈಸೂರು ಸಿಕ್ಕೈತಿ ಅಂದ್ರ ಪುಣ್ಯಾ ಮಾಡೀರಿ ಬಿಡ್ರಿ" ಎಂದಿದ್ದರು. ಊರು ಸಿಕ್ಕಿದ್ದು ಪುಣ್ಯವೇ ಇರಬಹುದು, ಆದರೆ ಅದೇ ಊರಿನಲ್ಲಿ ಯಾವ ಬಡಾವಣೆ ನಮಗೆ ಹೊಂದುತ್ತದೆ ಎಂಬ ಪ್ರಶ್ನೆಗೆ ಪುಣ್ಯ ಉತ್ತರ ಕೊಡುವುದಿಲ್ಲ. ಮನೆಯಲ್ಲಿ ಆರನೆಯ ತರಗತಿಗೆ ಹೋಗುವ ಮಗಳು, ಒಂದನೆಯ ತರಗತಿಗೆ ಸೇರಬೇಕಾದ ಮಗ, ಮೊಣಕಾಲು ನೋವಿನ ಅತ್ತೆ, ಮನೆಯಿಂದಲೇ ಕೆಲಸ ಮಾಡುವ ನಮ್ಮವರು, ದಿನವೂ ಬ್ಯಾಂಕಿಗೆ ಹೋಗಿ ಬರಬೇಕಾದ ನಾನು. ಒಬ್ಬರಿಗೆ ಅನುಕೂಲವಾದದ್ದು ಇನ್ನೊಬ್ಬರಿಗೆ ತೊಡಕಾಗುತ್ತಿತ್ತು.

ನನ್ನ ಶಾಖೆ ಇರುವುದು ಹೆಬ್ಬಾಳು ಕೈಗಾರಿಕಾ ಪ್ರದೇಶದ ಕಡೆಗೆ. ಹೆಬ್ಬಾಳು, ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ ಇವೆಲ್ಲ ನಗರದ ವಾಯವ್ಯ ಭಾಗದಲ್ಲಿ ಸಾಲಾಗಿ ಬೆಳೆದಿರುವುದರಿಂದ, ಸಹೋದ್ಯೋಗಿಗಳಲ್ಲಿ ಯಾರನ್ನು ಕೇಳಿದರೂ "ವಿಜಯನಗರ ನಾಲ್ಕನೇ ಹಂತ ನೋಡಿ, ಇಲ್ಲದಿದ್ದರೆ ಹಿನಕಲ್, ಬೋಗಾದಿ" ಎನ್ನುತ್ತಿದ್ದರು. ಅವರ ಲೆಕ್ಕ ಕಚೇರಿಯಿಂದ ಶುರುವಾಗುತ್ತದೆ, ಅದು ಸಹಜವೂ ಹೌದು. ನಾವು ಮಕ್ಕಳಿಂದ ಶುರುಮಾಡಿ ನೋಡೋಣವೆಂದುಕೊಂಡೆವು. ಹಿರಿಯರ ಕೈ ಹಿಡಿಯದೆ, ಸ್ಕೂಟರಿನ ಹಿಂದೆ ಕೂರದೆ, ಹನ್ನೊಂದು ವರ್ಷದ ಹುಡುಗಿ ಎಲ್ಲಿಯವರೆಗೆ ನಡೆದು ಹೋಗಿ ಬರಬಹುದು? ಪುಸ್ತಕದ ಅಂಗಡಿ, ಆಟದ ಮೈದಾನ, ಗೆಳತಿಯ ಮನೆ, ಬಸ್ ನಿಲ್ದಾಣ ಇವು ಆ ದೂರದೊಳಗೆ ಇವೆಯೇ? ಈ ಪ್ರಶ್ನೆಯನ್ನು ಮೊದಲು ಕೇಳಿದ್ದರಿಂದ ಉಳಿದ ಎಷ್ಟೋ ಚರ್ಚೆ ತಾನಾಗಿಯೇ ಕಡಿಮೆಯಾಯಿತು.

ವಿಜಯನಗರ ನಾಲ್ಕನೇ ಹಂತ ನೋಡಲು ಬಲು ಚೆಂದ. ಅಗಲವಾದ ರಸ್ತೆಗಳು, ಒಂಟಿ ಮನೆಗಳು, ಧಾರಾಳವಾದ ಗಾಳಿ ಬೆಳಕು. ಆದರೆ ನಾವು ನೋಡಿದ ಬೀದಿಯಲ್ಲಿ ಮನೆಗಳ ನಡುವೆ ಖಾಲಿ ನಿವೇಶನಗಳೇ ಹೆಚ್ಚಾಗಿದ್ದು, ಅವುಗಳಲ್ಲಿ ಪಾರ್ಥೇನಿಯಂ ಎದೆಯೆತ್ತರಕ್ಕೆ ಬೆಳೆದಿತ್ತು; ಒಂದು ಪ್ಯಾಕೆಟ್ ಹಾಲಿಗೂ ಗಾಡಿ ತೆಗೆಯಬೇಕಿತ್ತು. ಅತ್ತೆಯವರು ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತು ಬೀದಿಯ ಆ ತುದಿ ಈ ತುದಿ ನೋಡಿ, "ಗಾಳಿ ಛಲೋ ಬೀಸ್ತೈತಿ ಖರೇ, ಆದ್ರ ಮಾತಾಡ್ಸಾಕ ಒಂದ್ ನರಪಿಳ್ಳೆನೂ ಕಾಣವಲ್ದಲ್ಲವಾ" ಎಂದರು. ಹಗಲೆಲ್ಲ ಮನೆಯಲ್ಲಿರುವವರು ಅವರು. ಬೆಳಿಗ್ಗೆ ಹೋಗಿ ಸಂಜೆ ಬರುವ ನನ್ನ ಅಭಿಪ್ರಾಯಕ್ಕಿಂತ ಅವರ ಮಾತಿಗೆ ಹೆಚ್ಚು ತೂಕವಿದೆ ಎಂದು ನನಗೆ ಅನ್ನಿಸಿತು. ಅದೇ ವಿಜಯನಗರದ ಒಂದು ಮತ್ತು ಎರಡನೇ ಹಂತಗಳು ತುಂಬಿದ ಬಡಾವಣೆಗಳು, ಹೈಟೆನ್ಷನ್ ಡಬಲ್ ರೋಡಿನ ಸುತ್ತ ಬೇಕಾದ್ದೆಲ್ಲ ಸಿಗುತ್ತದೆ. ಅಲ್ಲಿ ನಮ್ಮ ಕೈಗೆಟುಕುವ ನೆಲ ಅಂತಸ್ತಿನ ಮನೆ ಸಿಕ್ಕಿದ್ದರೆ ಈ ದಿನಚರಿ ಬೇರೆ ರೀತಿಯಲ್ಲಿ ಮುಗಿಯುತ್ತಿತ್ತೇನೋ.

ರಿಂಗ್ ರಸ್ತೆಯ ಆಚೆಗಿನ ಖಾಸಗಿ ಬಡಾವಣೆಗಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಹೊಸದಾಗಿ ಬಂದವರನ್ನು ಮಧ್ಯವರ್ತಿಗಳು ಮೊದಲು ಕರೆದೊಯ್ಯುವುದು ಅಲ್ಲಿಗೇ. ಮೈಸೂರನ್ನು ಸುತ್ತುವರಿದ ಸುಮಾರು 42 ಕಿ.ಮೀ. ಉದ್ದದ ಈ ರಸ್ತೆಯನ್ನು ದಾಟಿ ಗದ್ದಿಗೆ ರಸ್ತೆಯಲ್ಲಿ ಮುಂದೆ ಹೋದರೆ, ಕಮಾನು, ಕಾರಂಜಿ, ಮಕ್ಕಳ ಜಾರುಬಂಡಿ ಎಲ್ಲ ಇರುವ ಬಡಾವಣೆಗಳು ಒಂದರ ಹಿಂದೊಂದು ಎದುರಾಗುತ್ತವೆ. ಜಾರುಬಂಡಿಯ ಬಣ್ಣ ಇನ್ನೂ ಹೊಸದಾಗಿತ್ತು. ಅದರಲ್ಲಿ ಜಾರುವ ಮಕ್ಕಳು ಮಾತ್ರ ಇರಲಿಲ್ಲ. ನಿವೇಶನ ಕೊಂಡವರಲ್ಲಿ ಬಹಳ ಜನ ಮನೆ ಕಟ್ಟದೆ ಬೆಲೆ ಏರಲೆಂದು ಕಾಯುತ್ತಿರುತ್ತಾರೆ, ಹಾಗಾಗಿ ಬಡಾವಣೆ ಕಾಗದದ ಮೇಲೆ ತುಂಬಿದ್ದರೂ ನೆಲದ ಮೇಲೆ ಖಾಲಿಯಾಗಿಯೇ ಉಳಿಯುತ್ತದೆ. ಮಗುವಿಗೆ ಬೇಕಾದದ್ದು ಜೊತೆಗೆ ಆಡುವ ಇನ್ನೊಂದು ಮಗು. ಅದನ್ನು ಯಾವ ನಕ್ಷೆಯಲ್ಲೂ ತೋರಿಸಲು ಬರುವುದಿಲ್ಲ.

ದಾಖಲೆಗಳ ಕತೆ ಇನ್ನೂ ಉದ್ದ. ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳನ್ನು ನೋಡಿ ನೋಡಿ ರೂಢಿಯಾಗಿದ್ದ ಕಾರಣ ನನಗೆ ಇದು ಸುಲಭವಾಯಿತು. ಹೂಟಗಳ್ಳಿ ನಗರಸಭೆಯಾಗಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾಗಿ ಬದಲಾಗಿ ಕೆಲವೇ ವರ್ಷಗಳಾಗಿರುವುದರಿಂದ, ಒಂದೇ ನಿವೇಶನಕ್ಕೆ ಗ್ರಾಮ ಪಂಚಾಯಿತಿಯ ಕಾಲದ ಕಾಗದಗಳೂ ಆಮೇಲಿನ ಕಾಗದಗಳೂ ಬೆರೆತಿರುತ್ತವೆ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11ಎ ಇವೆಯೇ, ಅಥವಾ ಅನುಮೋದನೆಯಿಲ್ಲದ ಆಸ್ತಿಗೆ ಕೊಡುವ 11ಬಿ ಮಾತ್ರ ಇದೆಯೇ ಎಂಬುದನ್ನು ಮೊದಲು ಕೇಳಬೇಕು. ನಗರ ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲಿದ್ದರೆ ನೋಂದಣಿಗೆ ಇ-ಖಾತೆ ಬೇಕೇ ಬೇಕು. ಈ ಫೆಬ್ರುವರಿಯಿಂದ ಅನಧಿಕೃತ ಆಸ್ತಿಗಳಿಗೂ ಬಿ-ಖಾತೆ ಕೊಡುವ ಅಭಿಯಾನ ನಡೆದಿದೆ, ಆದ್ದರಿಂದ "ಖಾತೆ ಇದೆ ಮೇಡಂ" ಎಂಬ ಒಂದೇ ಮಾತನ್ನು ನಂಬಿ ಕೂರುವಂತಿಲ್ಲ. ಯಾವ ಖಾತೆ ಎಂದು ಕೇಳಬೇಕು. ಇದಲ್ಲದೆ ಭೂಪರಿವರ್ತನೆಯ ಆದೇಶ, ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮೂಡಾ) ಅನುಮೋದಿಸಿದ ನಕ್ಷೆ, ಋಣಭಾರ ಪತ್ರ, ಮತ್ತು 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ) ನೋಂದಣಿ. ಕಳೆದ ವರ್ಷವಿಡೀ ಭೂಮಿ ಬಿಟ್ಟುಕೊಟ್ಟವರಿಗೆ ಮೂಡಾ ಮಾಡಿದ ನಿವೇಶನಗಳ 50:50 ಹಂಚಿಕೆಯ ವಿವಾದದ ಸುದ್ದಿ ಓದಿದ ಮೇಲೆ ಈ ಊರಿನಲ್ಲಿ ಅವಸರದಿಂದ ನಿವೇಶನ ಕೊಳ್ಳಲು ಯಾರಿಗೆ ತಾನೆ ಧೈರ್ಯ ಬಂದೀತು?

ನಾವು ಹಿಂದೆ ಸರಿದದ್ದಕ್ಕೆ ಕಾಗದಗಳಿಗಿಂತ ದೊಡ್ಡ ಕಾರಣ ನೀರು. ಮೈಸೂರಿಗೆ ಕಾವೇರಿಯಿಂದಲೂ ಕಬಿನಿಯಿಂದಲೂ ನೀರು ಬರುತ್ತದೆ, ಆದರೆ ಆ ಕೊಳವೆಗಳು ಬಡಾವಣೆಯ ಕಮಾನಿನವರೆಗೆ ಬಂದಿರಬೇಕಲ್ಲ! ಹೊರವಲಯಕ್ಕೂ ಸುತ್ತಲಿನ ಹಳ್ಳಿಗಳಿಗೂ ನೀರು ಕೊಡಲೆಂದು ಹಳೇ ಉಂಡುವಾಡಿ ಯೋಜನೆಯನ್ನು ಕೈಗೆತ್ತಿಕೊಂಡಿದ್ದಾರೆ. ಅದು ಮನೆಮನೆಗೆ ಮುಟ್ಟುವ ತನಕ ಕೊಳವೆಬಾವಿ ಮತ್ತು ಟ್ಯಾಂಕರುಗಳೇ ಗತಿ. ನಾವು ನೋಡಿದ ಒಂದು ಹೊಸ ಮನೆಯಲ್ಲಿ ಅಡುಗೆಮನೆಯ ನಲ್ಲಿಯ ಮೂತಿಗೆ ಬಿಳಿಯ ಪದರು ಗಟ್ಟಿಯಾಗಿ ಹಿಡಿದಿತ್ತು, ಸಿಂಕಿನ ತಳದಲ್ಲಿ ಸುಣ್ಣದ ಗೆರೆಗಳು ಮೂಡಿದ್ದವು. ಆ ಮನೆಗೆ ಜನ ಬಂದು ವರ್ಷವೂ ಆಗಿರಲಿಲ್ಲವಂತೆ. ಮಲಪ್ರಭೆಯ ನೀರು ವಾರಕ್ಕೊಮ್ಮೆ ಬಿಡುತ್ತಿದ್ದ ದಿನಗಳಲ್ಲಿ ಡ್ರಮ್ಮು, ಕೊಡ, ಪಾತೆಲೆಗಳನ್ನೆಲ್ಲ ತುಂಬಿಟ್ಟುಕೊಂಡು ಸಂಸಾರ ಮಾಡಿದವರು ನಾವು. ನೀರಿನ ವಿಷಯದಲ್ಲಿ "ಮುಂದೆ ಸರಿಹೋಗುತ್ತದೆ" ಎಂಬ ಭರವಸೆಗೆ ನಮ್ಮ ಮನೆಯಲ್ಲಿ ಬೆಲೆಯಿಲ್ಲ.

ಇನ್ನೊಂದು ಕಾರಣ ರಿಂಗ್ ರಸ್ತೆಯೇ. ಕಚೇರಿಗೆ ಹೋಗುವವರಿಗೆ ಅದು ವರ, ಊರೊಳಗಿನ ದಟ್ಟಣೆಗೆ ಸಿಗದೆ ಊರನ್ನು ಸುತ್ತಿಕೊಂಡು ಹೋಗಬಹುದು. ಆದರೆ ಲಾರಿಗಳು ಆ ವೇಗದಲ್ಲಿ ಓಡುವ ರಸ್ತೆಯನ್ನು ಶಾಲೆಯ ಚೀಲ ಹೊತ್ತ ಮಗು ಒಂಟಿಯಾಗಿ ದಾಟಲಾರದು, ದಾಟಲೂಬಾರದು. ಅಂದರೆ ಆಚೆ ಮನೆ ಮಾಡಿದವರು ಶಾಲೆಗೆ, ಸಂಗೀತದ ಪಾಠಕ್ಕೆ, ಹುಟ್ಟುಹಬ್ಬಕ್ಕೆ ಎಲ್ಲಕ್ಕೂ ಮಕ್ಕಳನ್ನು ತಾವೇ ಕರೆದೊಯ್ಯಬೇಕು. ಚಿರತೆಗಳ ಭಯವನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಕಳೆದ ಡಿಸೆಂಬರ್ 31ರಂದು ಇನ್ಫೋಸಿಸ್ ಆವರಣದೊಳಗೇ ಒಂದು ಕಾಣಿಸಿಕೊಂಡಿತ್ತು, ಆದ್ದರಿಂದ ಕಾವಲಿರುವ ಆವರಣವೋ ಬಯಲೋ ಎಂಬ ಭೇದವನ್ನು ಅವು ಪಾಲಿಸುವಂತೆ ಕಾಣುವುದಿಲ್ಲ.

ನಗರದ ದಕ್ಷಿಣಕ್ಕೆ ಜೆ.ಪಿ. ನಗರವೂ ನಮ್ಮ ಪಟ್ಟಿಯಲ್ಲಿತ್ತು. ವಿದ್ಯಾರಣ್ಯಪುರದ ಸೂಯೆಜ್ ಫಾರಂನಲ್ಲಿ ವರ್ಷಗಳಿಂದ ಸೇರಿರುವ ಕಸದ ರಾಶಿಯ ವಾಸನೆ, ಗಾಳಿ ತಿರುಗಿದರೆ ಸುತ್ತಲಿನ ಬಡಾವಣೆಗಳಿಗೆಲ್ಲ ಮುಟ್ಟುತ್ತದೆ. ಬೆಳಗಿನ ಹೊತ್ತು ಹೋದಾಗ ನಮಗೆ ಏನೂ ತಿಳಿಯಲಿಲ್ಲ, ಸಂಜೆ ಮತ್ತೆ ಹೋದಾಗ ತಿಳಿಯಿತು. ಯಾವುದೇ ಮನೆಯನ್ನು ಒಮ್ಮೆ ಬೆಳಿಗ್ಗೆ, ಒಮ್ಮೆ ಕತ್ತಲಾದ ಮೇಲೆ, ಸಾಧ್ಯವಾದರೆ ಒಂದು ಮಳೆಯಾದ ಮರುದಿನ ನೋಡಬೇಕೆಂದು ನಮ್ಮವರು ಹಟ ಹಿಡಿದದ್ದು ಇಂಥ ಕಡೆ ಉಪಯೋಗಕ್ಕೆ ಬಂತು.

ಶಾಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹೆಸರಾಂತ ಶಾಲೆಯನ್ನು ಮೊದಲು ಹಿಡಿದು, ಅದರ ವ್ಯಾನು ಬರುವ ಕಡೆ ಮನೆ ಹುಡುಕುವವರೇ ಹೆಚ್ಚು. ದಿನಕ್ಕೆ ಒಂದೂವರೆ ಗಂಟೆ ವ್ಯಾನಿನಲ್ಲಿ ಕಳೆಯುವ ಮಗುವಿಗೆ ಆ ಹೆಸರಿನಿಂದ ಏನು ಸಿಗುತ್ತದೋ ನನಗೆ ಅರ್ಥವಾಗಿಲ್ಲ. ಮಗನ ದಾಖಲಾತಿಯೇ ಈ ವರ್ಷ ಅನುಮಾನವಾಗಿತ್ತು: ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮದಲ್ಲಿ ಅವನು ಕೆಲವು ತಿಂಗಳ ಅಂತರದಲ್ಲಿ ಹೊರಗುಳಿಯುತ್ತಿದ್ದ. ಇದೇ 16ರಂದು ಸರ್ಕಾರ, ಯುಕೆಜಿ ಮುಗಿಸಿದ ಮಕ್ಕಳಿಗೆ 2025-26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳ ವಯಸ್ಸು ಸಾಕೆಂದು ಸಡಿಲಿಸಿದ್ದರಿಂದ ನಮ್ಮ ತಲೆಬಿಸಿ ಇಳಿಯಿತು. ಮಗಳಿಗೆ ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ ಮತ್ತು ಸ್ಯಾಟ್ಸ್ ಸಂಖ್ಯೆ (ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಸಿಕ್ಕಿವೆ. ಈಗ ಮಾತಾಡಿರುವ ಶಾಲೆ ಹೊಸ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ, ತೀರಾ ಹೆಸರುವಾಸಿಯಲ್ಲ, ಆಟದ ಬಯಲು ದೊಡ್ಡದಿದೆ.

ರಾಮಕೃಷ್ಣನಗರದ ಮನೆಯನ್ನು ತೋರಿಸಿದ್ದು ಮಧ್ಯವರ್ತಿಯಲ್ಲ. ಅಲ್ಲಿಯ ದಿನಸಿ ಅಂಗಡಿಯವರನ್ನು ಕೇಳಿದಾಗ ಅವರೇ ಎರಡು ಬೀದಿ ಆಚೆ "ಟು ಲೆಟ್" ಹಲಗೆ ಹಾಕಿದ್ದಾರೆಂದು ಹೇಳಿದರು. ಮನೆಯೊಡತಿ ಮೇಲಿನ ಮಹಡಿಯಲ್ಲಿದ್ದಾರೆ, ನಿವೃತ್ತ ಶಿಕ್ಷಕಿ. ನಾನು ನೀರಿನ ಬಗ್ಗೆ ಕೇಳುತ್ತಿದ್ದಂತೆಯೇ ಸೀದಾ ಅಂಗಳಕ್ಕೆ ಕರೆದೊಯ್ದು ಸಂಪಿನ ಕಬ್ಬಿಣದ ಮುಚ್ಚಳವನ್ನು ಎತ್ತಿಸಿದರು. "ಎರಡೂ ಪೈಪು ಬೇರೆ ಬೇರೆ ಇಟ್ಟಿದ್ದೀವಿ ಕಣ್ರೀ. ಕಾರ್ಪೊರೇಷನ್ ನೀರು ಅಡುಗೆಮನೆಗೆ, ಬೋರ್ ನೀರು ಬಚ್ಚಲಿಗೆ. ನೋಡಿ, ತಳ ಕಾಣತ್ತೆ" ಎಂದರು. ತಳ ನಿಜವಾಗಿಯೂ ಕಾಣುತ್ತಿತ್ತು. ಅತ್ತೆಯವರು ಅಷ್ಟರಲ್ಲಿ ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತು, ಅಲ್ಲಿಯ ಅಜ್ಜಿಯ ಜೊತೆ ಮೊಣಕಾಲಿಗೆ ಹಚ್ಚುವ ಎಣ್ಣೆಯ ವಿಚಾರ ಮಾತಾಡುತ್ತಿದ್ದರು. ಒಬ್ಬರದು ಧಾರವಾಡದ ಕನ್ನಡ, ಇನ್ನೊಬ್ಬರದು ಮೈಸೂರಿನದು. ಎಣ್ಣೆಯ ವಿಷಯದಲ್ಲಿ ಇಬ್ಬರಿಗೂ ಪೂರ್ಣ ಸಹಮತವಿತ್ತು.

ಮಾತು ಮುಗಿದ ಮೇಲೆ ಮಗಳಿಗೆ ನೋಟ್‌ಬುಕ್ ತಂದುಕೊಡೆಂದು ಹಣ ಕೊಟ್ಟು ಮುಂದೆ ಕಳುಹಿಸಿ, ನಾವು ದೂರದಿಂದ ಹಿಂಬಾಲಿಸಿದೆವು. ಎರಡು ಕಡೆ ಪಾದಚಾರಿ ಮಾರ್ಗದ ಮೇಲೆಯೇ ಕಾರು ನಿಲ್ಲಿಸಿದ್ದರಿಂದ ಅವಳು ರಸ್ತೆಗೆ ಇಳಿಯಬೇಕಾಯಿತು, ಒಂದು ಕಡೆ ಕಲ್ಲುಚಪ್ಪಡಿ ಮುರಿದಿತ್ತು. ಇವುಗಳನ್ನು ಬಿಟ್ಟರೆ ಅಡ್ಡಿಯೇನೂ ಇರಲಿಲ್ಲ. ಹೋಗುವ ದಾರಿಯುದ್ದಕ್ಕೂ ಗೇಟಿನ ಬಳಿ ನಿಂತವರು, ಹೂ ಕಟ್ಟುತ್ತಿದ್ದವರು, ಸೈಕಲ್ ತುಳಿಯುತ್ತಿದ್ದ ಮಕ್ಕಳು ಇದ್ದರು, ಅವಳು ಒಂದು ಕ್ಷಣವೂ ಯಾರ ಕಣ್ಣಿಗೂ ಬೀಳದೆ ಇರಲಿಲ್ಲ. ಕಾವಲುಗಾರರು ನಿಂತಿರುವ ಕಮಾನಿಗಿಂತ ಈ ಕಣ್ಣುಗಳ ಮೇಲೆ ನನಗೆ ಹೆಚ್ಚು ನಂಬಿಕೆ.

ಸಮೀಪದಲ್ಲಿಯೇ ಲಿಂಗಾಂಬುಧಿ ಕೆರೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ 1828ರಲ್ಲಿ ಕಟ್ಟಿಸಿದ ಕೆರೆ ಅದು. ಏರಿಯ ಮೇಲೆ ನಡೆಯುವವರ ಸಾಲು, ನೀರಿನಲ್ಲಿ ಹಕ್ಕಿಗಳು. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯ ಬಳಿ ಸಂಜೆ ಕಳೆಯುತ್ತಿದ್ದ ನಮ್ಮವರಿಗೆ ಇದೊಂದೇ ಸಾಕಾಗಿತ್ತು. ಬಡಾವಣೆಯಲ್ಲಿ ರಮಾಗೋವಿಂದ ರಂಗಮಂದಿರವೂ ಇರುವುದರಿಂದ ನಾಟಕದ ಹುಚ್ಚಿರುವ ಮಗಳು ಈಗಲೇ ಲೆಕ್ಕ ಹಾಕುತ್ತಿದ್ದಾಳೆ. ರಂಗಾಯಣದ ಚಿಣ್ಣರ ಮೇಳಕ್ಕೆ ಮುಂದಿನ ಬೇಸಿಗೆಯಲ್ಲಿ ಸೇರಿಸಲೇಬೇಕಂತೆ. ನಗರ ಸಾರಿಗೆಯ ಬಸ್ಸಿನಲ್ಲಿ ಅವಳಿಗೂ ನನಗೂ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇದ್ದೇ ಇದೆ.

ಕೊರತೆಗಳಿಲ್ಲವೆಂದಲ್ಲ. ಬಾಡಿಗೆ ತಿಂಗಳಿಗೆ 18 ಸಾವಿರ, ಮುಂಗಡ ಒಂದು ಲಕ್ಷ. ರಿಂಗ್ ರಸ್ತೆಯ ಆಚೆ ಇದೇ ಹಣಕ್ಕೆ ಇನ್ನೊಂದು ಕೋಣೆಯೂ ಕಾರು ನಿಲ್ಲಿಸಲು ಜಾಗವೂ ಸಿಗುತ್ತಿತ್ತು. ನನ್ನ ಕಚೇರಿ ವಿಜಯನಗರದಿಂದ ಇದ್ದಷ್ಟು ಹತ್ತಿರವಿಲ್ಲ, ರಿಂಗ್ ರಸ್ತೆ ಹಿಡಿದರೂ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯನ್ನು ನಾನು ಒಪ್ಪಿಕೊಂಡಿದ್ದೇನೆ, ಮನೆಯ ನಾಲ್ವರ ದಿನವೆಲ್ಲ ಸುಗಮವಾಗುವುದಾದರೆ ಇದು ದುಬಾರಿಯಲ್ಲ. ಹನ್ನೊಂದು ತಿಂಗಳ ಕರಾರು ಮುಗಿಯುವಷ್ಟರಲ್ಲಿ ಮಳೆಗಾಲ, ದಸರೆಯ ದಟ್ಟಣೆ, ಮುಂದಿನ ಬೇಸಿಗೆಯ ನೀರು ಎಲ್ಲವನ್ನೂ ಕಂಡಿರುತ್ತೇವೆ. ಕೊಳ್ಳುವ ಮಾತನ್ನು ಆಗ ಮತ್ತೆ ಎತ್ತಬಹುದು.

ಬುಧವಾರ ಕರಾರುಪತ್ರಕ್ಕೆ ಸಹಿ. ಮೇ ಎರಡನೇ ವಾರ ಹುಬ್ಬಳ್ಳಿಯಿಂದ ಸಾಮಾನಿನ ಲಾರಿ ಹೊರಡಬೇಕು, ಅಷ್ಟರೊಳಗೆ ಗ್ಯಾಸ್ ಸಂಪರ್ಕದ ವರ್ಗಾವಣೆ ಆಗಬೇಕು, ಅಡುಗೆಮನೆಯ ಕಿಟಕಿಗೆ ಸೊಳ್ಳೆಪರದೆ ಹಾಕಿಸಬೇಕು. ಜೋಳ ಬೀಸಿಕೊಡುವ ಗಿರಣಿ ಎಲ್ಲಿದೆ ಎಂದು ಅತ್ತೆಯವರು ಪಕ್ಕದ ಮನೆಯಲ್ಲಿ ಆಗಲೇ ವಿಚಾರಿಸಿ ಬಂದಿದ್ದಾರೆ.